ತನ್ನನ್ನೇ ಬಂದ್ ಮಾಡಿಕೊಂಡ ಮ್ಯಾಕ್ರೋ

ಯಾದಗಿರಿ ಬಸ್‌ಸ್ಟ್ಯಾಂಡಿನ ಎದುರು ನನ್ನದೊಂದು ಆನ್‌ಲೈನ್ ಅರ್ಜಿ ತುಂಬುವ ಅಂಗಡಿ. ಅರ್ಜಿಯ ಕೊನೆಯ ದಿನಗಳಲ್ಲಿ ಸರ್ಕಾರಿ ವೆಬ್‌ಸೈಟು ಹಗಲಿಡೀ ಸತ್ತು ಬಿದ್ದಿರುತ್ತದೆ, ಬೆಳಗಿನ ಐದಕ್ಕೆ ಮಾತ್ರ ತೆರೆಯುತ್ತದೆ. ಅಷ್ಟೊತ್ತಿಗೆ ಎದ್ದು ಬರಲು ನನಗೆ ಮೈಗಳ್ಳತನ. ಹಾಗಾಗಿ ಕಂಪ್ಯೂಟರಿನಲ್ಲಿ ಒಂದು ಮ್ಯಾಕ್ರೋ, ಅಂದರೆ ತಾನಾಗಿ ಓಡುವ ಆದೇಶಗಳ ಪಟ್ಟಿ, ಬರೆದಿಟ್ಟೆ. ಐದಕ್ಕೆ ಅದು ತಾನೇ ಎದ್ದು, ನಾನು ಉಳಿಸಿಟ್ಟ ಹೆಸರು, ಅಂಕ, ಫೋಟೋ ಎಲ್ಲ ತುಂಬಿ ಸಲ್ಲಿಸುತ್ತಿತ್ತು. ನಡುವೆ ನೆಟ್ ಹೋದರೆ ಮತ್ತೆ ಮೊದಲಿಂದ ಶುರು ಮಾಡುತ್ತಿತ್ತು. ಕೆಲಸ ಮುಗಿದ ಮೇಲೆ ತನ್ನನ್ನು ತಾನೇ ಬಂದ್ ಮಾಡಿಕೊಳ್ಳಬೇಕು, ಅಂದರೆ ಮತ್ತೆ ಶುರುವಾಗುವ ಆದೇಶವನ್ನು ಅಳಿಸಿಕೊಳ್ಳಬೇಕು ಅನ್ನುವುದು ಅದರ ಕೊನೆಯ ಸಾಲು.

ಒಂದು ಸಲ ಅರ್ಜಿ ಹೋಗಿ, ಆ ಕೊನೆಯ ಸಾಲಿಗೆ ಬರುವ ಮುಂಚೆಯೇ ನೆಟ್ ಕಡಿಯಿತು. ಅದು ಮತ್ತೆ ಮತ್ತೆ ಮೊದಲಿಂದ ಶುರು ಮಾಡಿ, ಸುರಪುರದ ಒಬ್ಬನ ಅರ್ಜಿ ಮೂರು ಸಲ ಹೋಗಿ, ಒಬ್ಬನದೇ ಮೂರು ಅರ್ಜಿ ಎಂದು ಮೂರೂ ತಿರಸ್ಕಾರವಾದವು. ಅವನಪ್ಪ ಅಂಗಡಿ ಮುಂದೆ ನಿಂತು ನನ್ನ ಮಾನ ಹರಾಜು ಹಾಕಿದ. ಸಿಟ್ಟಿನಲ್ಲಿ ಆ ಸಾಲನ್ನು ಎತ್ತಿ ಮೊದಲಿಗೇ ಇಟ್ಟೆ. ಎದ್ದ ಕೂಡಲೇ ತನ್ನನ್ನು ಬಂದ್ ಮಾಡಿಕೊಂಡು, ಆಮೇಲೆ ಕೆಲಸ ಮಾಡಲಿ. ಎರಡನೇ ಸಲ ಏಳುವ ಮಾತೇ ಇಲ್ಲ. ಭಾರೀ ಶಾಣ್ಯಾ ನಾನು ಅಂದುಕೊಂಡೆ.

ಆಮೇಲೆ ಬಂದವಳು ವಡಗೇರಾದ ಒಬ್ಬ ಟೀಚರ್. ಹಾಸ್ಟೆಲ್ ವಾರ್ಡನ್ ಕೆಲಸದ ಅರ್ಜಿ. ವಯಸ್ಸಿನ ಮಿತಿ ಮುಗಿಯುತ್ತಿತ್ತು, ಇದೇ ಆಕೆಯ ಕೊನೆಯ ಅವಕಾಶ. ಸಂಜೆತನಕ ಸೈಟು ತೆರೆಯಲಿಲ್ಲ. ಮರುದಿನ ಸಂಜೆ ಆರಕ್ಕೆ ಗಡುವು. ಇಲ್ಲೇ ಗೆಳತಿಯ ಮನೆಯಲ್ಲಿ ಉಳಿದು ಬೆಳಿಗ್ಗೆ ಬಂದು ಕೂಡುತ್ತೇನೆ ಅಂದಳು. ನಾನೇ ಬೇಡವೆಂದೆ.

“ನೀವು ಊರಿಗೆ ಹೋಗ್ರಿ ಅಕ್ಕಾರ. ಮುಂಜಾನಿ ಕಂಪ್ಯೂಟರ್ ತಾನ ತುಂಬ್ತದ.”

ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆಗೆದರೆ ಅರ್ಜಿ ಅರ್ಧಕ್ಕೇ ನಿಂತಿತ್ತು. ಐದರ ಹೊತ್ತಿಗೆ ಎರಡೇ ನಿಮಿಷ ನೆಟ್ ಹೋಗಿ ಬಂದಿತ್ತು, ಅಷ್ಟೇ. ಮತ್ತೆ ಶುರು ಮಾಡಬೇಕಾದ ಮ್ಯಾಕ್ರೋ ಮೊದಲೇ ತನ್ನನ್ನು ಬಂದ್ ಮಾಡಿಕೊಂಡಿತ್ತು. ಊಟ ಬಿಟ್ಟು ದಿನವಿಡೀ ಬಡಿದಾಡಿದೆ. ಆರು ಹೊಡೆಯಿತು, ಅರ್ಜಿ ಹೋಗಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವನು ನಾನು, ಉಣ್ಣಬೇಕಾದವಳು ಆಕೆ.

ಶಾಲೆ ಮುಗಿಸಿ ಪ್ರಿಂಟ್ ಒಯ್ಯಲು ಬಂದಳು. ಸರ್ವರ್ ಡೌನ್ ಇತ್ತು, ಊಟ ಬಿಟ್ಟು ಕೂತರೂ ಹೋಗಲಿಲ್ಲ ಅಂದುಬಿಟ್ಟೆ. ನಮ್ಮ ಕಸುಬಿನಲ್ಲಿ ಈ ಮಾತಿಗೆ ಯಾರೂ ಎದುರಾಡುವುದಿಲ್ಲ. ಆಕೆ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತಳು, ನೀರು ಕೇಳಿ ಕುಡಿದಳು, ಬಸ್ಸಿಗೆ ಹೋದಳು. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಮರುವರ್ಷ ತಂಗಿಯ ಅರ್ಜಿ ತುಂಬಿಸಲು ಅವಳನ್ನು ಕರೆದುಕೊಂಡು ಬಂದಳು. ಆ ಸಲ ಬೆಳಗಿನ ಐದಕ್ಕೆ ನಾನೇ ಎದ್ದು ಬಂದು ಕೂತು ತುಂಬಿದೆ. ಅಕ್ಕನ ಜೊತೆ ಪ್ರಿಂಟ್ ಒಯ್ಯಲು ಬಂದ ತಂಗಿ, ಇಲ್ಲೇ ಅಲ್ಲವೇ ನಿನ್ನ ಅರ್ಜಿ ಕೆಟ್ಟದ್ದು ಎಂದು ಅವಳನ್ನು ಮೆಲ್ಲಗೆ ಕೇಳಿದಳು. ಅಕ್ಕ ಗದರಿದಳು.

“ಹಂಗ ಅನಬ್ಯಾಡ. ಅವತ್ತು ಅಣ್ಣಾರು ಊಟಾ ಬಿಟ್ಟು ಕುಂತಿದ್ರು ನನ್ನ ಸಲುವಾಗಿ.”