ಗೀಸರಿನ ಹೆಸರಿನಲ್ಲಿ ಅರ್ಧ ಓಮ್

ಗೆಳೆಯರೇ, ಸುಳ್ಳು ಹೇಳಿದರೆ ಅದನ್ನು ರಿಪೇರಿ ಮಾಡಲು ಮನೆಗೇ ಬರುವವರಿದ್ದಾರೆ, ಹುಷಾರು.

ಬಿಟ್ಟುಬಿಟ್ಟೆ ಎಂದು ಹೆಂಡತಿಯನ್ನು ನಂಬಿಸಿರುವ ಇ-ಸಿಗರೇಟಿಗೆ, ಒಳಗಿನ ದ್ರವ ಕಾಯಿಸುವ ತಂತಿಯ ಕಾಯಿಲ್ ನಾನೇ ಸುತ್ತಿದ್ದೆ. ರೆಸಿಸ್ಟೆನ್ಸ್ ರೀಡಿಂಗ್ ಅರ್ಧ ಓಮ್‌ನ ಆಸುಪಾಸಿನಲ್ಲಿ ಕುಣಿಯುತ್ತಿತ್ತು. ಮೇಲಿನ ಮನೆಯ ಶೆಟ್ಟರು ಇಲ್ಲಿ ಗಲ್ಫ್‌ನ ರುಸೈಲ್ ಫ್ಯಾಕ್ಟರಿಯಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರ್. ಗೀಸರ್ ಕಾಯಿಲ್ ಎಂದು ಹೇಳಿ, ರೀಡಿಂಗ್ ತಿಳಿಸಿ, ಫೋನಿನಲ್ಲಿ ಸಲಹೆ ಕೇಳಿದೆ. ಶುಕ್ರವಾರದ ರಜೆ, ಮೀಟರ್ ಹಿಡಿದು ಬಂದೇಬಿಟ್ಟರು.

"ನಮ್ಮ ಗೀಸರ್ ಚೆನ್ನಾಗೇ ಇದೆಯಲ್ಲಾ?" ಎಂದಳು ಹೆಂಡತಿ.

ಶೆಟ್ಟರು ನನ್ನನ್ನು ಬಾತ್‌ರೂಮಿಗೆ ಕರೆದೊಯ್ದು ಬಾಗಿಲು ಹಾಕಿದರು. "ಗೀಸರಿಗೆ ಅರ್ಧ ಓಮ್ ಎಲ್ಲಾದ್ರೂ ಉಂಟಾ ಮಾರಾಯ? ಅದು ಇ-ಸಿಗರೇಟಿಂದು. ತೆಗಿ ಅದನ್ನು."

ಜೇಬಿನಿಂದ ತೆಗೆದುಕೊಟ್ಟೆ. ತಂತಿಯ ತುದಿ ಹಿಡಿಯುವ ಸ್ಕ್ರೂ ಸಡಿಲವಾಗಿತ್ತು. ಅವರು ಬಿಗಿ ಮಾಡಿದರು, ರೀಡಿಂಗ್ ಕುಣಿಯುವುದು ನಿಂತಿತು.

"ಖಲಾಸ್, ಗೀಸರ್ ಸರಿಯಾಯ್ತು ತಂಗಿ" ಎಂದು ಅವರು ಹೊರಟರು.

"ನೀರು ಈಗ ಎಷ್ಟು ಬೇಗ ಕಾಯ್ತಿದೆ ಕಣ್ರೀ!" ಎಂದು ಅವಳಿಗೆ ಸಂಜೆಯಿಂದ ಸಂಭ್ರಮ. ಎದುರು ನಿಂತು ನಿಜ ಹೇಳುವ ಧೈರ್ಯ ನನಗಿಲ್ಲ. ಅದಕ್ಕೇ ಈ ಪೋಸ್ಟಿನಲ್ಲಿ ಅವಳನ್ನು ಟ್ಯಾಗ್ ಮಾಡಿದ್ದೇನೆ.