ಭಾವನಿಗೆ ಮಾರಿದ ಕಾರು

ಕಾರು ಓಡಿಸುವುದನ್ನು ಕಲಿಸಿ ಹತ್ತೊಂಬತ್ತು ವರ್ಷ ಸಂಸಾರ ಸಾಗಿಸಿದ ಹೆಂಗಸು ಅವಳು. ಡ್ರೈವಿಂಗ್ ಶಾಲೆಯಲ್ಲಿ ಎಲ್ಲರೂ ಬ್ರೇಕ್ ಮೇಡಂ ಎನ್ನುತ್ತಿದ್ದರು. ಕಲಿಸುವವರು ಕೂರುವ ಸೀಟಿನ ಮುಂದೆಯೂ ಒಂದು ಜೊತೆ ಪೆಡಲ್ ಇರುತ್ತದಲ್ಲ, ಅದರ ಮೇಲಿಂದ ಅವಳ ಕಾಲು ಕದಲುತ್ತಿರಲಿಲ್ಲ. ಕಲಿಯುವವರಿಗೆ ಎದುರಿನ ಗೋಡೆ ಕಾಣುವ ಮೊದಲೇ ಕಾರು ನಿಂತಿರುತ್ತಿತ್ತು. ಕೂಗಾಡುವ ಜಾಯಮಾನ ಅವಳದಲ್ಲ. ಇಂಡಿಕೇಟರ್ ಹಾಕಿ ಎಂದರೆ ಮೂರು ದಿನದಿಂದ ವೈಪರ್ ಹಾಕುತ್ತಿದ್ದ ನಿವೃತ್ತ ಹೆಡ್‌ಮಾಸ್ತರರಿಗೂ, “ಮಳೆ ಬರಲಿ ಸಾರ್, ಆಗ ಹಾಕೋಣ” ಎಂದಷ್ಟೇ ಹೇಳಿದವಳು.

ಇಂಥ ತಾಳ್ಮೆಯವಳ ಹೊಟ್ಟೆಯಲ್ಲಿ ನಾಲ್ಕು ವರ್ಷ ಕೆಂಡ ಉರಿಯುತ್ತಿತ್ತು ಎಂದರೆ ಯಾರೂ ನಂಬುತ್ತಿರಲಿಲ್ಲ. ಆ ಕೆಂಡ ಇಟ್ಟವನು ಬೇರೆ ಯಾರೂ ಅಲ್ಲ, ಗಂಡನ ಒಡಹುಟ್ಟಿದ ಅಣ್ಣ.

ಭಾವನದು ಸೆಕೆಂಡ್ ಹ್ಯಾಂಡ್ ಕಾರಿನ ವ್ಯಾಪಾರ. ಊರ ಹೊರಗಿನ ದೊಡ್ಡ ರಸ್ತೆಯ ಪಕ್ಕ ತಗಡಿನ ಚಾವಣಿ, ಅದರ ಕೆಳಗೆ ಮಿರಿಮಿರಿ ಮಿಂಚುವ ಮೂವತ್ತು ಕಾರು, ಹಿಂದೆ ಗಾಜಿನ ಗೋಡೆಯ ಒಂದು ಆಫೀಸು. ಕೊಳ್ಳುವಾಗ ಎಲ್ಲ ಕಾರೂ ಅವನ ಕಣ್ಣಿಗೆ ಗುಜರಿ. ಮಾರುವಾಗ ಅದೇ ಕಾರು ಡಾಕ್ಟರು ಓಡಿಸಿದ್ದು, ಭಾನುವಾರ ಮಾತ್ರ ಹೊರಗೆ ತೆಗೆದದ್ದು. ನಾಲಗೆಯಲ್ಲೇ ಡೆಂಟು ತೆಗೆಯುವವನು ಎಂದು ಅವನ ಹೆಂಡತಿಯೇ ನಗುತ್ತಿದ್ದಳು.

ನಾಲ್ಕೂವರೆ ವರ್ಷದ ಹಿಂದೆ ಅವಳು ಉಳಿತಾಯವನ್ನೆಲ್ಲ ಸುರಿದು ಹೊಸ ಕಾರೊಂದನ್ನು ತೆಗೆದುಕೊಂಡಿದ್ದಳು. ಆರು ಲಕ್ಷದ ಕಾರು. ಪಕ್ಕದ ಸೀಟಿಗೂ ಪೆಡಲ್ ಕೂರಿಸಿ, ಇನ್ನೊಬ್ಬರ ಕೈಕೆಳಗೆ ದುಡಿದದ್ದು ಸಾಕು, ಸ್ವಂತ ಶಾಲೆ ಶುರು ಮಾಡೋಣ ಎಂದುಕೊಂಡಿದ್ದಳು. ಶಾಲೆಯ ಪರವಾನಗಿಗೆ ಕಾಯುತ್ತಿದ್ದಾಗಲೇ, ಎಂಟನೇ ತಿಂಗಳಿಗೆ ಗಂಡನಿಗೆ ಪಾರ್ಶ್ವವಾಯು ಹೊಡೆಯಿತು. ಆಸ್ಪತ್ರೆಯವರು ಮರುದಿನ ಬೆಳಗಾಗುವುದರೊಳಗೆ ಹಣ ಕಟ್ಟಿ ಎಂದರು.

ಭಾವ ಆಸ್ಪತ್ರೆಗೆ ಬಂದ. ತಮ್ಮನನ್ನು ಎರಡು ನಿಮಿಷ ನೋಡಿದ, ಕೆಳಗೆ ನಿಲ್ಲಿಸಿದ್ದ ಕಾರನ್ನು ಇಪ್ಪತ್ತು ನಿಮಿಷ ನೋಡಿದ. ಡಬಲ್ ಪೆಡಲ್ ಹಾಕಿಸಿದ ಕಾರನ್ನು ಯಾರೂ ಮೂಸುವುದಿಲ್ಲ, ಕಲಿಯುವವರು ಕ್ಲಚ್ಚನ್ನು ಅರೆದು ಪುಡಿ ಮಾಡಿರುತ್ತಾರೆ, ಮನೆಯವರು ಎಂಬ ಒಂದೇ ಕಾರಣಕ್ಕೆ ತೆಗೆದುಕೊಳ್ಳುತ್ತಿದ್ದೇನೆ ಎಂದ. ಹೇಳಿದ ಬೆಲೆ ಎರಡೂಮುಕ್ಕಾಲು ಲಕ್ಷ. ಆ ಕಾರಿನಲ್ಲಿ ಇನ್ನೂ ಒಬ್ಬರೂ ಕಲಿತಿಲ್ಲ ಭಾವ, ಎಂದು ಅವಳು ಬಾಯಿ ತೆರೆಯುವಷ್ಟರಲ್ಲಿ ಅವನು ಅವಳ ಭುಜ ತಟ್ಟಿದ.

“ನೋಡಮ್ಮಾ, ಬೆಲೆ ಗಿಲೆ ಎಲ್ಲ ನಿಂಗೆ ಗೊತ್ತಾಗಲ್ಲ. ನಿಂದು ಬ್ರೇಕ್ ಒತ್ತೋ ಕೆಲಸ. ಅದನ್ನ ಒತ್ಕೊಂಡು ಸುಮ್ನೆ ಇದ್ಬಿಡು.”

ಗಂಡ ಒಳಗೆ ಬಾಯಿ ಸೊಟ್ಟಗಾಗಿ ಮಲಗಿದ್ದ. ಅವಳು ಹಲ್ಲು ಕಚ್ಚಿ ಸಹಿ ಹಾಕಿದಳು.

ಅಲ್ಲಿಗೇ ಮುಗಿದಿದ್ದರೆ ಕಷ್ಟಕಾಲದ ಬೆಲೆ ಎಂದು ಮರೆಯುತ್ತಿದ್ದಳೇನೋ. ಹದಿನೈದು ದಿನ ಕಳೆದಿತ್ತು. ಔಷಧಿ ಅಂಗಡಿಯವನೊಬ್ಬ ಶಾಲೆಗೆ ಬಂದು, ಲೈಸೆನ್ಸ್ ಇದೆ, ಕೈ ಕೂತಿಲ್ಲ, ಈಗಷ್ಟೇ ಕೊಂಡ ನನ್ನ ಕಾರಿನಲ್ಲೇ ಅಭ್ಯಾಸ ಮಾಡಿಸಿ ಎಂದ. ಹೊರಗೆ ನಿಂತಿದ್ದದ್ದು ಅವಳದೇ ಕಾರು. ಪಕ್ಕದ ಸೀಟಿನಲ್ಲಿ ಕೂತು ಮ್ಯಾಟು ಎತ್ತಿ ನೋಡಿದಳು, ಪೆಡಲ್ ಬಿಚ್ಚಿದ ನಾಲ್ಕು ತೂತುಗಳು ಹಾಗೇ ಇದ್ದವು. ಎಷ್ಟಕ್ಕೆ ಬಿತ್ತು ಎಂದು ಕೇಳಿದಳು. ಅವನು ಹೆಮ್ಮೆಯಿಂದ ಹೇಳಿದ: ಐದು ಲಕ್ಷದ ಹತ್ತು ಸಾವಿರ. ಹೆಂಗಸೊಬ್ಬರು ಜೋಪಾನವಾಗಿ ಇಟ್ಟಿದ್ದ ಕಾರಂತೆ, ಇಂಥದ್ದು ಮತ್ತೆ ಸಿಗುವುದಿಲ್ಲವಂತೆ.

ಆವತ್ತು ಮೊದಲ ಸಲ ಅವಳು ಬ್ರೇಕ್ ಒತ್ತಿ ಎಂದು ಹೇಳುವುದನ್ನು ಮರೆತಳು. ಔಷಧಿ ಅಂಗಡಿಯವನು ಹೋಗಿ ಕಸದ ತೊಟ್ಟಿಗೆ ಗುದ್ದಿದ.

ಭಾವನ ಮನೆಗೆ ಹೋಗಿ ಜಗಳ ಆಡಬಹುದಿತ್ತು. ಆಡಲಿಲ್ಲ. ಜಗಳ ಆಡಿದರೆ ಅವನು ಎರಡು ಮಾತು ಬೈಸಿಕೊಂಡು ಕೈತೊಳೆದುಕೊಳ್ಳುತ್ತಾನೆ. ಬೈಗುಳದಿಂದ ಅವನ ಮೈಮೇಲೆ ಒಂದು ಗೀರೂ ಬೀಳುವುದಿಲ್ಲ. ಅವನಿಗೆ ನೋಯುವ ಜಾಗ ಒಂದೇ, ಜೇಬು. ಅವಳು ಕಾದಳು. ಕಾಯುತ್ತಾ ಕಲಿತಳು. ಬಿಡುವಿದ್ದಾಗ ಪೇಂಟಿಂಗ್ ಗ್ಯಾರೇಜಿನ ಮುದುಕನ ಪಕ್ಕ ಕೂತು, ಮತ್ತೆ ಬಳಿದ ಬಣ್ಣವನ್ನು ಓರೆ ಬೆಳಕಿನಲ್ಲಿ ಹೇಗೆ ಗುರುತಿಸುವುದೆಂದು ತಿಳಿದುಕೊಂಡಳು. ಯಾವ ತಿಂಗಳು ಬೇಡಿಕೆ ಏರುತ್ತದೆ, ಎರಡನೇ ಕೀಲಿ ಇಲ್ಲದಿದ್ದರೆ ಎಷ್ಟು ಕಡಿಯುತ್ತಾರೆ, ಸರ್ವಿಸ್ ಪುಸ್ತಕದಲ್ಲಿ ಒಂದು ಮೊಹರು ತಪ್ಪಿದರೆ ಎಷ್ಟು ಎಳೆದಾಡುತ್ತಾರೆ, ಎಲ್ಲ ಅವಳಿಗೆ ಬಾಯಿಪಾಠವಾಯಿತು. ಮನೆಗೆ ಬಂದ ಭಾವನಿಗೆ ಮಾತ್ರ ಮೊದಲಿನ ಹಾಗೇ ನಗುನಗುತ್ತಾ ಕಾಫಿ ಕೊಟ್ಟಳು.

ಗಂಡ ಚೇತರಿಸಿಕೊಂಡ, ಎಡಗೈ ಮಾತ್ರ ಸ್ವಾಧೀನಕ್ಕೆ ಬರಲಿಲ್ಲ. ಅವನು ಓಡಿಸಲಿ ಎಂದೇ ಮೂರು ವರ್ಷ ಕೂಡಿಟ್ಟು, ಬ್ಯಾಂಕಿನ ಸಾಲವನ್ನೂ ಸೇರಿಸಿ, ಗೇರ್ ಹಾಕುವ ತಂಟೆಯಿಲ್ಲದ ಆಟೋಮ್ಯಾಟಿಕ್ ಕಾರೊಂದನ್ನು ತಂದಳು. ಒಂಬತ್ತು ಲಕ್ಷದ, ಬೂದು ಬಣ್ಣದ, ಎತ್ತರ ಸೀಟಿನ ಕಾರು. ಒಂಬತ್ತು ತಿಂಗಳು ಓಡಿಸಿದ. ಆಮೇಲೆ ಕಣ್ಣಿನ ಡಾಕ್ಟರು, ಒಂದು ಪಕ್ಕದ ನೋಟ ಹೋಗಿದೆ, ಇನ್ನು ಸ್ಟಿಯರಿಂಗ್ ಮುಟ್ಟಬೇಡಿ ಎಂದುಬಿಟ್ಟರು. ಆರು ಸಾವಿರ ಕಿಲೋಮೀಟರ್ ಕೂಡ ಓಡದ ಕಾರು ಮನೆಮುಂದೆ ಧೂಳು ತಿನ್ನತೊಡಗಿತು.

“ಅಣ್ಣಂಗೆ ಕೊಟ್ಬಿಡೋಣ, ಒಂದೇ ಮಾತಲ್ಲಿ ಮುಗಿಯುತ್ತೆ” ಎಂದ ಗಂಡ. ಹಳೆಯ ಕಾರಿನ ಐದು ಲಕ್ಷದ ಕಥೆ ಅವನಿಗೆ ಗೊತ್ತಿರಲಿಲ್ಲ. ಕಾಯಿಲೆಯವನ ತಲೆಗೆ ಯಾಕೆ ಹುಳ ಬಿಡುವುದು ಎಂದು ಅವಳು ಹೇಳಿರಲಿಲ್ಲ.

“ಅವರಿಗೇ ಕೊಡೋದು” ಎಂದಳು. “ಒಂದೇ ಮಾತಲ್ಲಿ ಮಾತ್ರ ಅಲ್ಲ.”

ಮೊದಲು ಕಾರನ್ನು ಒಪ್ಪ ಮಾಡಿದಳು. ಬಾಗಿಲಲ್ಲಿದ್ದ ಬಟಾಣಿ ಗಾತ್ರದ ತಗ್ಗನ್ನು ಬಣ್ಣ ಕೆಡದ ಹಾಗೆ ಒಳಗಿನಿಂದಲೇ ಎತ್ತಿಸಿದಳು. ಸರ್ವಿಸ್ ಮಾಡಿಸಿ ಮೊಹರು ಹಾಕಿಸಿದಳು. ಸಾಲದ ಉಳಿದ ಕಂತುಗಳನ್ನು ತೀರಿಸಿ ಬ್ಯಾಂಕಿನಿಂದ ಪತ್ರ ತಂದಳು. ಆಮೇಲೆ ಮೂರು ಕಡೆ ಬೆಲೆ ಕೇಳಿ ಬರೆಸಿಕೊಂಡಳು. ಶೋರೂಮಿನವರು ಏಳು ಲಕ್ಷದ ಇಪ್ಪತ್ತು ಸಾವಿರ ಎಂದರು, ಫೋನಿನಲ್ಲೇ ಕಾರು ಕೊಳ್ಳುವ ಕಂಪನಿಯವರು ಏಳು ನಲವತ್ತು, ಪಕ್ಕದ ಬೀದಿಯ ನರ್ಸ್ ಏಳೂಮುಕ್ಕಾಲು. ನರ್ಸಿಗೆ ಕೊಟ್ಟಿದ್ದರೆ ಒಳ್ಳೆಯ ಬೆಲೆಯೇ. ಆದರೆ ಒಳ್ಳೆಯ ಬೆಲೆಯಷ್ಟೇ ಅವಳಿಗೆ ಬೇಕಿರಲಿಲ್ಲ.

ಅದೃಷ್ಟ ಎನ್ನಬೇಕು, ಆ ವಾರವೇ ಶಾಲೆಗೆ ಒಬ್ಬ ಹೆಂಗಸು ಬಂದಳು. ಕಟ್ಟಡ ಕಟ್ಟಿಸುವ ಕಂಟ್ರಾಕ್ಟರ್, ಗಂಡಸರನ್ನು ಕಣ್ಸನ್ನೆಯಲ್ಲೇ ಕುಣಿಸುವ ಜಾತಿ. ಮಂಡಿಯ ಆಪರೇಷನ್ ಆಗಿ ಕ್ಲಚ್ ತುಳಿಯಲಾಗದೆ ಆಟೋಮ್ಯಾಟಿಕ್ ಅಭ್ಯಾಸಕ್ಕೆ ಬಂದಿದ್ದಳು. ಓಡಿಸುತ್ತಾ ಓಡಿಸುತ್ತಾ ತನ್ನ ಗೋಳು ಹೇಳಿಕೊಂಡಳು. ತನಗೆ ಎತ್ತರ ಸೀಟಿನ ಆಟೋಮ್ಯಾಟಿಕ್ ಕಾರೇ ಬೇಕು, ಹೊಸದಕ್ಕೆ ಏಳು ತಿಂಗಳು ಕಾಯಬೇಕಂತೆ. ಇನ್ನೂ ವರ್ಷ ತುಂಬದ್ದನ್ನು ಎಂಟು ಲಕ್ಷದ ಇಪ್ಪತ್ತು ಸಾವಿರಕ್ಕೆ ಕೊಡುತ್ತೇನೆ ಎಂದು ಸೆಕೆಂಡ್ ಹ್ಯಾಂಡ್ ವ್ಯಾಪಾರಿಯೊಬ್ಬ ಬರೆದುಕೊಟ್ಟು, ಮುಂಗಡವನ್ನೂ ಇಸಕೊಂಡು, ಎರಡು ತಿಂಗಳಿಂದ ನಾಳೆ ಬಾ ಎನ್ನುತ್ತಿದ್ದಾನೆ. ಈ ಸೋಮವಾರ ಕೊಡದಿದ್ದರೆ, ಕಂಪನಿಗೆ ಅವನಿಂದ ಕೊಳ್ಳಬೇಕೆಂದಿದ್ದ ಆರು ಗಾಡಿಗಳ ಆರ್ಡರನ್ನೂ ಕಿತ್ತುಕೊಳ್ಳುತ್ತೇನೆ ಎಂದಳು.

ವ್ಯಾಪಾರಿ ಯಾರು ಎಂದು ಬ್ರೇಕ್ ಮೇಡಂ ಕೇಳಿದಳು. ಭಾವನ ಹೆಸರು ಕೇಳಿದ ಮೇಲೆ, ಕಾರನ್ನು ಮರದ ನೆರಳಿಗೆ ಹಾಕಿಸಿ, ನಾಲ್ಕು ವರ್ಷದ ಕಥೆಯನ್ನು ಒಂದೂ ಬಿಡದೆ ಹೇಳಿದಳು. ಹೇಳಿದ್ದು ಅದೇ ಮೊದಲು.

ಕಂಟ್ರಾಕ್ಟರ್ ಹೆಂಗಸು ಪೂರ್ತಿ ಕೇಳಿ, ನಿಮ್ಮ ಕಾರನ್ನು ನನಗೇ ಕೊಡಿ, ಎಂಟು ಇಪ್ಪತ್ತು ಕೈಗೆ ಹಾಕುತ್ತೇನೆ ಎಂದಳು. ನರ್ಸ್ ಹೇಳಿದ್ದಕ್ಕಿಂತ ನಲವತ್ತೈದು ಸಾವಿರ ಹೆಚ್ಚು. ಆದರೂ ಇವಳು ಬೇಡ ಎಂದಳು.

“ಕಾರು ನಿಮಗೇ ಬರುತ್ತೆ. ಆದ್ರೆ ಅವ್ರ ಕೈಯಿಂದ ಬರ್ಬೇಕು. ಸೋಮವಾರಕ್ಕಿಂತ ಒಂದು ದಿನಾನೂ ಹೆಚ್ಚು ಕೊಡ್ಬೇಡಿ, ಎಂಟು ಇಪ್ಪತ್ತಕ್ಕಿಂತ ಒಂದು ಕಾಸೂ ಹೆಚ್ಚು ಕೊಡ್ಬೇಡಿ. ಅಷ್ಟು ಮಾಡಿದ್ರೆ ಸಾಕು.”

ಕಂಟ್ರಾಕ್ಟರ್ ನಕ್ಕು ಕೈ ಚಾಚಿದಳು.

ಶನಿವಾರ ಬೆಳಿಗ್ಗೆ ಗಂಡನಿಂದಲೇ ಅಣ್ಣನಿಗೆ ಫೋನ್ ಮಾಡಿಸಿದಳು. ಬೂದು ಬಣ್ಣದ ಆಟೋಮ್ಯಾಟಿಕ್ ಮಾರುತ್ತಿದ್ದಾರೆ ಎಂದು ಕೇಳಿದ್ದೇ ತಡ, ಭಾವ ಅರ್ಧ ಗಂಟೆಯಲ್ಲಿ ಗೇಟಿನ ಮುಂದೆ ಹಾಜರು. ಮುಖದಲ್ಲಿ ಮಾತ್ರ ಆತುರ ಇಲ್ಲ. ಕಾರಿನ ಸುತ್ತ ಎರಡು ಸುತ್ತು ಬಂದ, ಬಾನೆಟ್ಟನ್ನು ಬೆರಳಲ್ಲಿ ತಟ್ಟಿದ, ರೋಗಿಯ ನಾಡಿ ನೋಡಿದವನ ಹಾಗೆ ತಲೆ ಅಲ್ಲಾಡಿಸಿದ. ಆರೂವರೆ ಕೊಡುತ್ತೇನೆ, ಅದೂ ತಮ್ಮನ ಮುಖ ನೋಡಿ ಎಂದ.

ಅವಳು ಬಾಗಿಲಿಗೆ ಒರಗಿ ನಿಂತಿದ್ದಳು. “ಎಂಟು ಲಕ್ಷದ ಇಪ್ಪತ್ತು ಸಾವಿರ, ಭಾವ.”

ಆ ಅಂಕಿ ಕೇಳಿ ಅವನ ಬೆರಳು ಬಾನೆಟ್ಟಿನ ಮೇಲೆ ಗಕ್ಕನೆ ನಿಂತಿತು. ನಂತರ ದೊಡ್ಡದಾಗಿ ನಕ್ಕು, ಟೈರು ನೋಡಿದ್ದೀಯಾ, ಸವೆದು ಹೋಗಿದೆ ಎಂದ.

“ಎಂಟು ಮೂವತ್ತು.”

ತಮಾಷೆ ಎಂದುಕೊಂಡ. ಬೂದು ಬಣ್ಣ ಯಾರಿಗೂ ಬೇಡ, ಒಂದು ವರ್ಷ ನನ್ನ ಅಂಗಡಿಯಲ್ಲೇ ಕೊಳೆಯುತ್ತದೆ ಎಂದ.

“ಎಂಟು ನಲವತ್ತು.”

ಈಗ ಅವನಿಗೆ ಅರ್ಥವಾಯಿತು. ಕುತ್ತಿಗೆ ಕೆಂಪಾಯಿತು. ಆಟೋಮ್ಯಾಟಿಕ್ ಕೆಟ್ಟರೆ ರಿಪೇರಿಗೇ ಒಂದು ಲಕ್ಷ ಬೇಕು, ಅದರ ಕಷ್ಟ ನಿನಗೇನು ಗೊತ್ತು ಎಂದು ದನಿ ಏರಿಸಿದ. ಅವಳು ಎಂಟೂವರೆ ಎಂದಳು. ಮೂರು ಕಡೆ ಬರೆಸಿದ್ದ ಚೀಟಿ, ಸರ್ವಿಸ್ ಪುಸ್ತಕ, ಬ್ಯಾಂಕಿನ ಪತ್ರ, ಎರಡೂ ಕೀಲಿಯನ್ನು ಬಾನೆಟ್ಟಿನ ಮೇಲೆ ಸಾಲಾಗಿ ಇಟ್ಟಳು. ಸಂಜೆ ಆರಕ್ಕೆ ನರ್ಸ್ ಬರುತ್ತಾಳೆ, ಅವಳಿಗೆ ಏಳೂಮುಕ್ಕಾಲಕ್ಕೆ ಕೊಡುತ್ತೇನೆ, ನಿಮಗೆ ಮಾತ್ರ ಈ ಬೆಲೆ ಎಂದಳು.

ಭಾವ ತಮ್ಮನ ಕಡೆ ತಿರುಗಿದ. “ನೋಡೋ, ನಿನ್ನ ಹೆಂಡ್ತಿಗೆ ನೆಂಟಸ್ತಿಕೆ ಅನ್ನೋದೇ ಇಲ್ವಲ್ಲೋ.”

“ನೆಂಟಸ್ತಿಕೆಗೂ ಹತ್ತು ಸಾವಿರ. ಎಂಟು ಅರವತ್ತು” ಎಂದಳು ಅವಳು. “ಔಷಧಿ ಅಂಗಡಿಯವರಿಗೆ ಐದು ಹತ್ತಕ್ಕೆ ಮಾರಿದ್ರಲ್ಲ, ಆವತ್ತು ನಿಮ್ಮ ತಮ್ಮ ಆಸ್ಪತ್ರೇಲಿ ಮಲಗಿದ್ರು. ನೆಂಟಸ್ತಿಕೆ ಆವತ್ತೂ ಇತ್ತು ಭಾವ.”

ಗಂಡ ಅಣ್ಣನ ಮುಖ ನೋಡಿದ. ಅಣ್ಣ ಕಾರಿನ ಕನ್ನಡಿ ನೋಡಿದ. ಭಾವ ಗೇಟಿನಾಚೆ ಹೋಗಿ ಎರಡು ಫೋನ್ ಮಾಡಿದ. ಎರಡನೆಯದು ಯಾರಿಗೆ, ಏನು ಉತ್ತರ ಬಂತು ಎಂಬುದು ಅವನ ಇಳಿದ ಹೆಗಲು ನೋಡಿದರೇ ಅವಳಿಗೆ ಗೊತ್ತಾಗುತ್ತಿತ್ತು. ವಾಪಸು ಬಂದವನು ಟೈರು, ಬಣ್ಣ ಯಾವುದರ ಸುದ್ದಿಯನ್ನೂ ಎತ್ತಲಿಲ್ಲ. ಎಂಟು ಅರವತ್ತೂ ಬ್ಯಾಂಕಿಗೆ ಬಂದ ಸಂದೇಶವನ್ನು ಅವಳು ಓದಿ, ಇನ್ನೊಮ್ಮೆ ಓದಿ, ಆಮೇಲೆ ಕೀಲಿ ಕೊಟ್ಟಳು.

ಸೋಮವಾರ ಕಾರು ಎಂಟು ಇಪ್ಪತ್ತಕ್ಕೆ ಕಂಟ್ರಾಕ್ಟರ್ ಕೈ ಸೇರಿತು. ಭಾವನಿಗೆ ನಲವತ್ತು ಸಾವಿರ ಕೈಬಿಟ್ಟು ಹೋಯಿತು. ಅಷ್ಟು ಕಳೆದುಕೊಂಡು ಉಳಿಸಿಕೊಂಡ ಆರು ಗಾಡಿಗಳ ಆರ್ಡರಿನಲ್ಲೂ ಕಂಟ್ರಾಕ್ಟರ್ ಒಂದೊಂದು ಗಾಡಿಯನ್ನೂ ಪೇಂಟಿಂಗ್ ಗ್ಯಾರೇಜಿನ ಮುದುಕನಿಗೆ ತೋರಿಸಿಯೇ ಕೊಂಡಳು.

ಗಂಡ ಎರಡು ದಿನ ಮಾತು ಬಿಟ್ಟ. ಅಣ್ಣನ ಮೇಲಿನ ಸಿಟ್ಟೋ, ತನಗೆ ಇಷ್ಟು ವರ್ಷ ಹೇಳಲಿಲ್ಲ ಎಂಬ ನೋವೋ, ಅವಳು ಕೇಳಲಿಲ್ಲ. ಮೂರನೇ ದಿನ ಅವನೇ, ಆ ಎರಡೂಮುಕ್ಕಾಲಕ್ಕೂ ಐದು ಹತ್ತಕ್ಕೂ ವ್ಯತ್ಯಾಸ ಎಷ್ಟಾಯಿತು ಎಂದು ಕೇಳಿದ. ಅವಳು ಹೇಳಿದಳು. ಅವನು ತನ್ನ ಸತ್ತ ಕೈಯನ್ನು ನೀವಿಕೊಳ್ಳುತ್ತಾ, “ಎಂಟು ಎಪ್ಪತ್ತು ಅನ್ಬೇಕಿತ್ತು ಕಣೇ” ಎಂದ.

ಓರಗಿತ್ತಿ ಫೋನ್ ಮಾಡಿ ಬೈಯುತ್ತಾಳೆ ಎಂದುಕೊಂಡಿದ್ದಳು. ಫೋನ್ ಬಂತು, ಬೈಗುಳ ಬರಲಿಲ್ಲ. ನಿಮ್ಮ ಭಾವ ಎರಡು ದಿನದಿಂದ ನೆಟ್ಟಗೆ ಊಟ ಮಾಡಿಲ್ಲ ಎಂದಳು ಓರಗಿತ್ತಿ, ಅದರಲ್ಲಿ ದೂರಿಗಿಂತ ಹೆಚ್ಚಾಗಿ ಸಮಾಧಾನವೇ ಇತ್ತು.

ಸೇಡು ತೀರಿಸಿಕೊಂಡ ಮೇಲೆ ಮನಸ್ಸು ಖಾಲಿಯಾಗುತ್ತದೆ, ಪಶ್ಚಾತ್ತಾಪ ಕಾಡುತ್ತದೆ ಎಂದು ಜನ ಹೇಳುವುದನ್ನು ಅವಳೂ ಕೇಳಿದ್ದಳು. ಅಂಥದ್ದೇನೂ ಆಗಲಿಲ್ಲ. ಚೆನ್ನಾಗಿ ಹಸಿವಾಯಿತು, ಒಳ್ಳೆಯ ನಿದ್ದೆ ಬಂತು. ಬಂದ ಹಣದಲ್ಲಿ ಹಳೆಯ ಕಾರೊಂದನ್ನು ಆರಿಸಿ ತಂದು, ಡಬಲ್ ಪೆಡಲ್ ಹಾಕಿಸಿ, ಸ್ವಂತ ಶಾಲೆಯ ಬೋರ್ಡು ತೂಗುಹಾಕಿದಳು.

ಇನ್ನೂ ಒಂದು ಕೆಲಸ ಹಿಡಿದಿದ್ದಾಳೆ. ಕಲಿಯಲು ಬಂದವರು, ಅವರ ಅಕ್ಕ, ಚಿಕ್ಕಪ್ಪ, ಯಾರೇ ಆಗಲಿ ಭಾವನ ಅಂಗಡಿಗೆ ಕಾರು ಮಾರಲು ಹೊರಟರೆ ಜೊತೆಗೆ ಹೋಗುತ್ತಾಳೆ. ಕಮಿಷನ್ ಕೇಳುವುದಿಲ್ಲ, ಬಾಯಿ ತೆರೆಯುವುದೂ ಇಲ್ಲ. ಗಾಜಿನ ಆಫೀಸಿನಲ್ಲಿ ಭಾವನ ಎದುರಿನ ಕುರ್ಚಿಯನ್ನು ಎಳೆದುಕೊಂಡು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಾಳೆ. ಭಾವ ಅವಳನ್ನೊಮ್ಮೆ ನೋಡುತ್ತಾನೆ, ಬರೆದ ಅಂಕಿಯನ್ನು ಹೊಡೆದುಹಾಕಿ ಅದರ ಕೆಳಗೆ ಇನ್ನೊಂದನ್ನು ಬರೆಯುತ್ತಾನೆ.