ಹದಿನೆಂಟು ಬಂದರೆ ಕಾರು ನಮ್ಮದು

ಭಾನುವಾರ ಬೆಳಿಗ್ಗೆ ಚಿತ್ರದುರ್ಗದ ಬಂಕಿನಲ್ಲಿ ಟ್ಯಾಂಕ್ ತುಂಬಿಸಿಕೊಂಡು ಹೊರಟೆವು. ತುಂಬಿಸುವುದೆಂದರೆ ಸುಮ್ಮನೆ ತುಂಬಿಸುವುದಲ್ಲ. ಪೈಪು ತಾನಾಗಿ ಟಕ್ ಎಂದು ನಿಂತ ಮೇಲೆ ಒಂದು ಹನಿಯೂ ಹಾಕಬಾರದೆಂದು ಬಂಕಿನವನಿಗೆ ಹೇಳಿ, ಪಕ್ಕದಲ್ಲೇ ನಿಂತು ಕಾವಲು ಕಾದೆ. ಸಂಜೆ ಇದೇ ಬಂಕಿಗೆ ಬಂದು, ಇದೇ ಪೈಪಿನಿಂದ ಮತ್ತೆ ಟಕ್ ಎನ್ನುವವರೆಗೆ ತುಂಬಿಸಬೇಕು. ಎಷ್ಟು ಲೀಟರ್ ಹಿಡಿಯಿತೋ ಅಷ್ಟನ್ನು ಕಾರು ಕುಡಿದಿದೆ ಎಂದರ್ಥ. ಓಡಿದ ದೂರವನ್ನು ಅದರಿಂದ ಭಾಗಿಸಿದರೆ ಮೈಲೇಜು ಸಿಕ್ಕಿತು. ಪಂಪ್‌ಸೆಟ್ಟಿನ ಬಿಡಿಭಾಗಗಳ ಅಂಗಡಿ ಇಟ್ಟುಕೊಂಡವನು ನಾನು. ಇಂಥ ಲೆಕ್ಕವೆಂದರೆ ನನಗೆ ಊಟಕ್ಕಿಂತ ಇಷ್ಟ.

ಕಾರು ಪೆಟ್ರೋಲಿನದು, ಚಿಕ್ಕದು, ಬೇರೆಯವರ ಕೈಯಲ್ಲಿ ಒಂದಷ್ಟು ವರ್ಷ ಓಡಿ ನಮಗೆ ಬಂದದ್ದು. ಎರಡು ವರ್ಷದ ಹಿಂದೆ ನನ್ನ ಹೆಂಡತಿ ಮಂಗಳಾ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ, ದಾವಣಗೆರೆಯ ಆಸ್ಪತ್ರೆಗೆ ಓಡಾಡಲೆಂದು ಅವಸರದಲ್ಲಿ ಕೊಂಡೆವು. ಹೋದ ತಿಂಗಳು ಡಾಕ್ಟರು ಇನ್ನು ಬರುವುದು ಬೇಡ ಎಂದರು. ಆಸ್ಪತ್ರೆಯ ಓಡಾಟ ಮುಗಿಯಿತಲ್ಲ, ಇನ್ನು ಕಾರೇಕೆ ಎಂದು ನನ್ನ ಯೋಚನೆ. ಅಂಗಡಿಗೆ ಸ್ಕೂಟರ್ ಸಾಕು. ಆದರೂ ಎರಡು ವರ್ಷ ನಮ್ಮನ್ನು ಹೊತ್ತ ಗಾಡಿಗೆ ಒಂದು ಅವಕಾಶ ಕೊಡೋಣವೆಂದು, ಹಿಂದಿನ ರಾತ್ರಿ ಊಟಕ್ಕೆ ಕೂತಾಗ ನನ್ನ ತೀರ್ಪು ಹೇಳಿಬಿಟ್ಟಿದ್ದೆ. ಲೀಟರಿಗೆ ಹದಿನೆಂಟು ಕಿಲೋಮೀಟರ್ ಕೊಟ್ಟರೆ ಇಟ್ಟುಕೊಳ್ಳುವುದು, ಕೊಡದಿದ್ದರೆ ಮಾರುವುದು. ಮಂಗಳಾ ಮಜ್ಜಿಗೆ ಬಡಿಸಿದಳು.

ಹಿರಿಯೂರು, ಮಾರಿಕಣಿವೆ, ಹೊಸದುರ್ಗ, ಅಲ್ಲಿಂದ ಶ್ರೀರಾಂಪುರದ ಹತ್ತಿರ ಅವಳ ಅಕ್ಕನ ಊರು, ವಾಪಸು ಹೊಳಲ್ಕೆರೆ ಮೇಲೆ ಚಿತ್ರದುರ್ಗ. ಹೆದ್ದಾರಿ, ಏರು, ಹಳ್ಳಿ ರಸ್ತೆ ಎಲ್ಲವೂ ಇರುವ ದಾರಿಯೆಂದು ನಾನೇ ಆರಿಸಿದ್ದೆ. ಅಕ್ಕನ ಊರು ದಾರಿಯಲ್ಲಿ ಸಿಕ್ಕಿದ್ದು ನನ್ನ ಲೆಕ್ಕಕ್ಕೆ ಅನುಕೂಲವಾಗಿತ್ತು, ಅಷ್ಟೆ.

ಮನೆಯಿಂದ ಹೊರಡುವಾಗ ಡಿಕ್ಕಿ ತೆರೆದು ನೋಡಿದರೆ ಖಾಲಿ. ನನ್ನ ಸಾಮಾನಿನ ಡಬ್ಬಿ, ನೀರಿನ ಕ್ಯಾನು, ಹಳೆಯ ಚಾಪೆ, ಛತ್ರಿ, ಒಂದೂ ಇಲ್ಲ.

"ಎಲ್ಲಾ ತೆಗೆದು ಪಡಸಾಲೇಲಿ ಇಟ್ಟಿದೀನ್ರಿ. ಸುಮ್ನೆ ಯಾಕೆ ಹೊತ್ಕಂಡು ತಿರುಗಾದು?" ಎಂದಳು ಮಂಗಳಾ.

ಹೆಂಗಸರಿಗೆ ಅಚ್ಚುಕಟ್ಟಿನ ಹುಚ್ಚು ಎಂದುಕೊಂಡು ಡಿಕ್ಕಿ ಮುಚ್ಚಿದೆ.

ಹಿರಿಯೂರಿಗೆ ನಲವತ್ತು ಕಿಲೋಮೀಟರು ಚಿಲ್ಲರೆ, ಚತುಷ್ಪಥ ಹೆದ್ದಾರಿ. ಟೋಲ್ ದಾಟಿದ ಮೇಲೆ ಐದನೇ ಗೇರಿಗೆ ಹಾಕಿ ಎಂಬತ್ತರಲ್ಲಿ ಬಿಟ್ಟೆ. ಈ ವೇಗದಲ್ಲಿ ಇಂಜಿನ್ ಇದೆಯೋ ಇಲ್ಲವೋ ಎನ್ನುವಷ್ಟು ಮೌನ. ನೂರರ ಹತ್ತಿರ ಹೋದರೆ ಮಾತ್ರ ಗಂಟಲು ದೊಡ್ಡದು ಮಾಡುತ್ತದೆ, ಬಾಗಿಲ ಸಂದಿಯಲ್ಲಿ ಗಾಳಿ ಶಿಳ್ಳೆ ಹೊಡೆಯುತ್ತದೆ. ಲಾರಿಯನ್ನು ಹಿಂದೆ ಹಾಕಬೇಕಾದರೆ ನಾಲ್ಕಕ್ಕೆ ಇಳಿಸಲೇಬೇಕು. ಐದರಲ್ಲೇ ಒತ್ತಿದರೆ ಒಂದು ಗಳಿಗೆ ಯೋಚನೆ ಮಾಡಿ ಆಮೇಲೆ ಏಳುತ್ತದೆ. ಕ್ಲಚ್ಚು ಬೆಣ್ಣೆ. ಮುಂದಿನ ಗಾಜಿನ ಕೆಳಗೆ ಸರಾಸರಿ ಮೈಲೇಜು ತೋರಿಸುವ ಒಂದು ಅಂಕಿಯಿದೆ, ಅದನ್ನು ನಾನು ನಂಬುವುದಿಲ್ಲ. ತನ್ನ ಉತ್ತರಪತ್ರಿಕೆಗೆ ತಾನೇ ಅಂಕ ಕೊಟ್ಟುಕೊಂಡಂತೆ ಅದು. ಮಂಗಳಾ ಮಾತ್ರ ದಾರಿಯುದ್ದಕ್ಕೂ ಅದನ್ನೇ ನೋಡುತ್ತಿದ್ದಳು.

ಶಿವರಾತ್ರಿ ಕಳೆದಿತ್ತು, ಒಂಬತ್ತಕ್ಕೆಲ್ಲ ಬಿಸಿಲು ಚುರುಕಾಯಿತು. ಏಸಿ ಗುಂಡಿಗೆ ಕೈ ಹಾಕಿದೆ.

"ಬ್ಯಾಡ್ರಿ. ನಂಗೆ ಏಸಿ ಗಾಳಿಗೆ ಸೊಂಟ ಹಿಡೀತೈತೆ," ಎಂದಳು.

ಆಸ್ಪತ್ರೆಗೆ ಹೋಗುವಾಗ ಎರಡು ವರ್ಷವೂ ಏಸಿ ಹಾಕಿಸಿಕೊಂಡೇ ಹೋದವಳು. ಇರಲಿ, ನನ್ನ ಲೆಕ್ಕಕ್ಕೂ ಒಳ್ಳೆಯದೇ ಎಂದು ಗಾಜು ಇಳಿಸಿದೆ. ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ ಕೂತಳು.

ಹಿರಿಯೂರಿನಲ್ಲಿ ಇಡ್ಲಿ, ವಡೆ ತಿಂದು ನನ್ನ ಹಳೆಯ ಸ್ನೇಹಿತ ಖಲೀಲನ ಟೈರ್ ಅಂಗಡಿಗೆ ಹೋದೆವು. ಕಾರು ಮಾರುವುದಾದರೆ ಕೊಳ್ಳುವವನು ಇವನೇ. ಇವನ ಮಗಳು ಹಳ್ಳಿಯೊಂದರ ಶಾಲೆಯಲ್ಲಿ ಟೀಚರು, ದಿನಾ ಎರಡು ಬಸ್ಸು ಬದಲಾಯಿಸಿ ಹೋಗುತ್ತಾಳೆ. ಖಲೀಲ್ ನಾಲ್ಕೂ ಟೈರಿಗೆ ಗಾಳಿ ನೋಡಿದ. ಬಾನೆಟ್ ಎತ್ತಿ ಕಿವಿಗೊಟ್ಟು ಕೇಳಿದ.

"ಅಣ್ಣಾ, ಸೌಂಡ್ ಒಂದ್ ನಂಬರ್ ಐತೆ. ಹದಿನೆಂಟು ಬರ್ಲಿಲ್ಲ ಅಂದ್ರೆ ಗಾಡಿ ನಮ್ದು, ಮಾತು ಮಾತೇ."

"ಮಾತು ಮಾತೇ ಮಾರಾಯ. ಸಂಜೆ ಫೋನ್ ಮಾಡ್ತೀನಿ."

ಅವನ ಹೆಂಡತಿ ಒಂದು ಚೀಲ ದಾಳಿಂಬೆ ತಂದು ಕಾರಿನ ಹತ್ತಿರ ಇಟ್ಟರು. ಮಂಗಳಾ ಅದರಿಂದ ಎರಡೇ ಎರಡು ಹಣ್ಣು ತೆಗೆದುಕೊಂಡು, "ಇಷ್ಟು ಸಾಕು ಭಾಬಿ, ಮನೇಲಿ ಇಬ್ರೇ ಇರಾದು," ಎಂದು ಚೀಲವನ್ನು ಹಿಂದಕ್ಕೆ ತಳ್ಳಿದಳು. ಮಾತು ಮೆತ್ತಗಿತ್ತು, ತಳ್ಳಿದ್ದು ಗಟ್ಟಿಯಾಗಿತ್ತು. ಇವಳಿಗೆ ಇವತ್ತು ಏನಾಗಿದೆ ಎಂದು ನನಗೆ ಸ್ವಲ್ಪ ಸಿಟ್ಟೇ ಬಂತು.

ಹಿರಿಯೂರಿನಿಂದ ಹೊಸದುರ್ಗದ ಕಡೆಗೆ ಹೊರಟರೆ ಮಾರಿಕಣಿವೆಯ ಗುಡ್ಡಗಳು ಎದುರಾಗುತ್ತವೆ. ಕಣಿವೆಯಲ್ಲಿ ನೀರು ಚೆನ್ನಾಗಿತ್ತು. ಎರಡು ಗುಡ್ಡದ ನಡುವೆ ಕಟ್ಟೆ ಕಟ್ಟಿದವರ ಹೊಟ್ಟೆ ತಣ್ಣಗಿರಲಿ ಎಂದು ಮನಸ್ಸಿನಲ್ಲೇ ಕೈಮುಗಿದೆ. ಮುಂದಿನ ಏರುಗಳಲ್ಲಿ ಕಾರಿನ ನಿಜವಾದ ಪರೀಕ್ಷೆ. ಮೂರನೇ ಗೇರಿನಲ್ಲಿ ಎಲ್ಲಾ ಏರನ್ನೂ ಹತ್ತಿತು, ಒಂದು ಕಡೆ ಮಾತ್ರ ಕುರಿಮಂದೆ ಅಡ್ಡ ಬಂದು ನಿಲ್ಲಿಸಿದ್ದರಿಂದ ಮೊದಲನೆಯದಕ್ಕೆ ಇಳಿಸಬೇಕಾಯಿತು. ಇಂಜಿನ್ನಿನ ಬಿಸಿಯ ಮುಳ್ಳು ನಡುವಿನಿಂದ ಅಲುಗಲಿಲ್ಲ. ಗುಡ್ಡದ ಮೇಲಿನ ಗಾಳಿಯಂತ್ರಗಳು ಸಾವಧಾನವಾಗಿ ತಿರುಗುತ್ತಿದ್ದವು. ಎಂಟು ಹತ್ತು ವರ್ಷ ಓಡಿದ ಪುಟ್ಟ ಇಂಜಿನ್ನು ಇಷ್ಟು ನಿಯತ್ತಾಗಿ ದುಡಿಯುವುದು ಕಂಡು ನನಗೆ ನಿಜವಾಗಿ ಖುಷಿಯಾಯಿತು. ಖುಷಿಯನ್ನು ಬಾಯಿಬಿಟ್ಟು ಹೇಳಲಿಲ್ಲ. ಪರೀಕ್ಷೆ ನಡೆಯುವಾಗ ಮೇಷ್ಟ್ರು ನಗಬಾರದಲ್ಲ.

ಹೊಸದುರ್ಗದಲ್ಲಿ ಕಾಫಿಗೆ ಮಾತ್ರ ನಿಂತು, ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ದೂರದ ಶ್ರೀರಾಂಪುರದ ದಾರಿ ಹಿಡಿದೆವು. ಎರಡೂ ಕಡೆ ತೆಂಗಿನ ತೋಟ, ಬಿಸಿಲಿಗೆ ಒಡ್ಡಿದ ಕೊಬ್ಬರಿ. ಹಂಪುಗಳು ಲೆಕ್ಕವಿಲ್ಲದಷ್ಟು. ಖಾಲಿ ಡಿಕ್ಕಿಯಾದ್ದರಿಂದ ಕಾರಿನ ಹೊಟ್ಟೆ ಒಂದು ಕಡೆಯೂ ತಾಗಲಿಲ್ಲ. ಊರು ಹತ್ತಿರವಾದಂತೆ ಮಂಗಳಾ ಸೀಟಿನಲ್ಲಿ ಮುಂದೆ ಮುಂದೆ ಸರಿದು ಕೂತಳು. "ಆ ಬೇವಿನ ಮರ ಇನ್ನೂ ಐತೆ ನೋಡ್ರಿ," ಎಂದಳು. "ಬಾವಿಗೆ ಜಾಲರಿ ಹಾಕವ್ರೆ." ಬೆಳಗಿನಿಂದ ಅವಳು ಅಷ್ಟು ಮಾತಾಡಿದ್ದು ಅದೇ ಮೊದಲು.

ಅಪ್ಪ ಅಮ್ಮ ಹೋದ ಮೇಲೆ ಅವಳಿಗೆ ತವರು ಎಂದರೆ ಅಕ್ಕ ಗೌರಮ್ಮನ ಮನೆ. ಗೌರಮ್ಮನವರು ಅಂಗಳದಲ್ಲೇ ಕಾಯುತ್ತಿದ್ದರು. ಮಂಗಳಾ ಡಾಕ್ಟರು ಹೇಳಿಕೊಟ್ಟ ಹಾಗೆ ಮೊದಲು ಎರಡೂ ಕಾಲನ್ನು ಒಟ್ಟಿಗೆ ಹೊರಗೆ ತಿರುಗಿಸಿ, ಬಾಗಿಲು ಹಿಡಿದು ಎದ್ದು ನಿಂತಳು. ಈ ಕಾರಿನ ಸೀಟು ಅವಳ ಸೊಂಟದ ಎತ್ತರಕ್ಕೆ ಹೇಳಿ ಮಾಡಿಸಿದ ಹಾಗಿದೆ, ಬಗ್ಗಬೇಕಾಗಿಲ್ಲ, ಹತ್ತಬೇಕಾಗಿಲ್ಲ. ಅಕ್ಕ ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಬಂದ್ಯೇನೇ... ನಡ್ಕಂಡು ಬಂದ್ಯೇನೇ ನನ್ನವ್ವಾ," ಎಂದು ಅತ್ತುಬಿಟ್ಟರು. ಆಸ್ಪತ್ರೆಯಲ್ಲಿ ಮಲಗಿದ್ದವಳನ್ನು ನೋಡಿಹೋದ ಮೇಲೆ ಅವರು ತಂಗಿಯನ್ನು ಕಂಡಿರಲಿಲ್ಲ. ಮನೆಯಲ್ಲಿ ಹಸು ಎಮ್ಮೆ ಕಟ್ಟಿಕೊಂಡ ಅವರು ಬರುವ ಹಾಗಿಲ್ಲ, ಬಸ್ಸಿನ ಮೆಟ್ಟಿಲು ಹತ್ತಲಾರದ ಇವಳು ಹೋಗುವ ಹಾಗಿಲ್ಲ. ಕಾರು ಇದ್ದರೂ ಎರಡು ವರ್ಷ ಅದು ಓಡಿದ್ದು ಆಸ್ಪತ್ರೆಗೆ ಮಾತ್ರ.

ರಾಗಿ ಮುದ್ದೆ, ಹುರುಳಿಕಾಳಿನ ಸಾರು, ಕಾಯಿ ಹೋಳಿಗೆ, ಮೇಲೆ ತುಪ್ಪ. ಊಟ ಮಾಡಿ ನಾನು ಜಗಲಿಯ ಮೇಲೆ ಒರಗಿದೆ. ಒಳಗೆ ಅಕ್ಕ ತಂಗಿಯರ ಮಾತು, ನಗು, ಮತ್ತೆ ಮಾತು. ನನಗೆ ತೂಕಡಿಕೆ ಹತ್ತಿ ಎಚ್ಚರವಾದಾಗಲೂ ಅದು ನಿಂತಿರಲಿಲ್ಲ.

ಹೊರಡುವಾಗ ಮಡಿಲು ತುಂಬಿದರು. ನೆಲದ ಮೇಲೆ ಕೂರಲಾಗದ ತಂಗಿಗೆ ಕುರ್ಚಿ ಹಾಕಿ, ಅರಿಶಿನ ಕುಂಕುಮ ಕೊಟ್ಟು, ಸೆರಗಿಗೆ ಅಕ್ಕಿ, ಬೆಲ್ಲ, ಒಂದು ತೆಂಗಿನಕಾಯಿ, ಕುಪ್ಪಸದ ಕಣ ಹಾಕಿದರು. ಅದಾದ ಮೇಲೆ ತೋಟದ ಕಾಯಿ ತುಂಬಿದ ಗೋಣಿಚೀಲವನ್ನು ಕಾರಿನವರೆಗೆ ಎಳೆದು ತಂದರು. ನಮ್ಮ ಕಡೆ ಇದು ಕೇಳುವ ಹೇಳುವ ವಿಷಯವಲ್ಲ. ಹೆಣ್ಣುಮಗಳು ತವರಿನಿಂದ ಬರಿಗೈಯಲ್ಲಿ ಹೋಗುವುದಿಲ್ಲ, ಕೊಟ್ಟದ್ದನ್ನು ಬೇಡ ಎನ್ನುವುದೂ ಇಲ್ಲ.

ಮಂಗಳಾ ಬೇಡ ಎಂದಳು.

"ಮಡಿಲಿಗೆ ಹಾಕಿದ್ದು ಸಾಕಕ್ಕ. ಚೀಲ ಬ್ಯಾಡ."

ಗೌರಮ್ಮನವರ ಕೈ ಚೀಲದ ಬಾಯಿಯ ಮೇಲೇ ನಿಂತಿತು. "ಯಾಕೇ? ಅಪ್ಪ ನೆಟ್ಟ ಮರದ ಕಾಯಿ ಕಣೇ. ಎರಡು ವರ್ಷದಿಂದ ನಿನ್ ಪಾಲು ಅಂತ ಎತ್ತಿಡ್ತಾ ಇದೀನಿ, ಕೊನೆಗೆ ಕೊಬ್ಬರಿ ಮಾಡಿ ಮಾರ್ತಾ ಇದೀನಿ. ಈಗ ನಮ್ಮನೆ ಕಾಯಿ ಬ್ಯಾಡಾತಾ ನಿಂಗೆ?"

"ಅಂಗಲ್ಲಕ್ಕ. ಭಾರ ಆಗ್ತೈತೆ."

"ನೀನೇನು ತಲೆ ಮೇಲೆ ಹೊತ್ಕಂಡು ಹೋಗ್ತೀಯಾ? ಕಾರು ಹೊರ್ತೈತೆ."

"ಕಾರಿಗೇ ಭಾರ ಆಗಬಾರದು ಕಣಕ್ಕ. ಹದಿನೆಂಟು ಬರಬೇಕು." ಅವಳ ದನಿ ಸಣ್ಣದಾಯಿತು. "ಬರ್ಲಿಲ್ಲ ಅಂದ್ರೆ ಕಾರು ಮಾರ್ತಾರೆ. ಕಾರು ಹೋದ್ರೆ ನಾನು ಮತ್ತೆ ನಿನ್ ಮನೆಗೆ ಬರಾದು ಹೆಂಗೆ ಹೇಳು?"

ನಾನು ಕೀಲಿಕೈ ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಪಡಸಾಲೆಯಲ್ಲಿ ಉಳಿದ ಸಾಮಾನಿನ ಡಬ್ಬಿ, ಬೇಡವಾದ ಏಸಿ, ಹಿಂದಕ್ಕೆ ಹೋದ ದಾಳಿಂಬೆ, ಎಲ್ಲವೂ ಒಟ್ಟಿಗೆ ತಲೆಗೆ ಹೊಕ್ಕವು. ಬೆಳಗಿನಿಂದ ಅವಳು ಗ್ರಾಂ ಗ್ರಾಂ ಲೆಕ್ಕದಲ್ಲಿ ಕಾರನ್ನು ಹಗುರ ಮಾಡುತ್ತ ಬಂದಿದ್ದಳು. ಬಿಸಿಲಲ್ಲಿ ಬೆಂದು, ಈಗ ತವರಿನ ಕಾಯಿಯನ್ನೂ ಬೇಡ ಎಂದಳು. ಕಾರಿನ ಕೆಲಸ ಮುಗಿಯಿತು ಎಂದು ತೀರ್ಪು ಕೊಟ್ಟವನು ನಾನು. ಅವಳ ಪಾಲಿಗೆ ಅದರ ಕೆಲಸ ಶುರುವಾಗಿದ್ದೇ ಇವತ್ತು. ನನಗೆ ನಾಚಿಕೆಯಾಯಿತು. ಆ ಲೆಕ್ಕ ಹಾಕಿದ್ದು ಯಾಕೆ ಅಂತ ಅನ್ನಿಸಿತು.

ಗೌರಮ್ಮನವರು ನನ್ನ ಕಡೆ ತಿರುಗಿದರು. "ಏನ್ರಪ್ಪ, ನಮ್ಮ ಕಾಯಿ ತೂಗಿ ಪೆಟ್ರೋಲ್ ಹಾಕಿಸ್ತೀರಾ?"

 ನಾನು ಡಿಕ್ಕಿ ತೆಗೆದು, ಚೀಲವನ್ನು ತೊಡೆಗೆ ಆನಿಸಿ ಎತ್ತಿ ಒಳಗೆ ಹಾಕಿದೆ. ಕಾರಿನ ಹಿಂಭಾಗ ಒಮ್ಮೆ ತಗ್ಗಿ ಮೇಲೆದ್ದಿತು.

"ಇನ್ನೊಂದು ಚೀಲ ಐತೇನ್ರಿ ಅಕ್ಕಾ?" ಎಂದೆ.

"ಐತಪ್ಪ, ಹಿತ್ತಲಲ್ಲಿ ಐತೆ!"

"ಅದೂ ಹಾಕಾಣ ಬರ್ರಿ. ಹಿಂದಿನ ಸೀಟು ಖಾಲಿ ಐತೆ."

ಎರಡನೆಯ ಚೀಲ, ಒಂದು ಡಬ್ಬಿ ತುಪ್ಪ, ಒಂದು ಗಂಟು ಹುರುಳಿ, ಬಾಳೆಗೊನೆಯ ಅರ್ಧ. ಮಂಗಳಾ ನನ್ನನ್ನೇ ನೋಡುತ್ತ, ಮಡಿಲಕ್ಕಿಯನ್ನು ಸೆರಗಿನಲ್ಲಿ ಬಿಗಿಯಾಗಿ ಹಿಡಿದು ಸೀಟಿನಲ್ಲಿ ಕೂತು, ಎರಡೂ ಕಾಲನ್ನು ಒಟ್ಟಿಗೆ ಒಳಗೆ ತಿರುಗಿಸಿಕೊಂಡಳು. "ಗೌರಿ ಹಬ್ಬಕ್ಕೆ ಬರ್ತೀವ್ರಿ ಅಕ್ಕಾ," ಎಂದು ನಾನೇ ಹೇಳಿದೆ.

ಭಾರ ಬಿದ್ದ ಮೇಲೆ ಕಾರಿನ ನಡತೆ ಹೇಗೆ ಎಂದು ಕೇಳುವವರಿಗಾಗಿ ಹೇಳುತ್ತೇನೆ. ಹೊಸದುರ್ಗ ತಲುಪುವುದರೊಳಗೆ ಹೊಟ್ಟೆ ನಾಲ್ಕು ಸಲ ಹಂಪುಗಳಿಗೆ ಉಜ್ಜಿತು. ಪಿಕಪ್ಪು ಕಡಿಮೆಯಾಯಿತು, ಮೂರರಲ್ಲಿ ಹತ್ತುವ ಏರಿಗೆ ಎರಡು ಬೇಕಾಯಿತು. ಆದರೆ ತಿರುವಿನಲ್ಲಿ ಬೆಳಿಗ್ಗೆಗಿಂತ ಗಟ್ಟಿಯಾಗಿ ನೆಲ ಹಿಡಿದು ಓಡಿತು. ಹೊಳಲ್ಕೆರೆಯಲ್ಲಿ ಬಯಲು ಗಣಪತಿಗೆ ಕಾರಿನಿಂದಲೇ ಕೈಮುಗಿದು, ರಸ್ತೆ ಬದಿ ಮಂಡಕ್ಕಿ ಮೆಣಸಿನಕಾಯಿ ತಿಂದೆವು. ಅಲ್ಲಿಂದಲೇ ಖಲೀಲನಿಗೆ ಫೋನ್ ಮಾಡಿದೆ.

"ಎಷ್ಟು ಬಂತಣ್ಣಾ?" ಎಂದ.

"ನೋಡಿಲ್ಲ, ನೋಡಲ್ಲ. ಮಗಳಿಗೆ ಇಂಥದ್ದೇ ಇನ್ನೊಂದು ಹುಡುಕಾಣ, ನಾನೂ ಬರ್ತೀನಿ. ಇದನ್ನ ಕೊಡಲ್ಲಪ್ಪ, ಬೇಜಾರು ಮಾಡ್ಕಬ್ಯಾಡ."

"ಅರೆ, ಮಾತು ಮಾತೇ ಅಂದಿದ್ಯಲ್ಲ!" ಎಂದು ಬೈದ. ಕಾಯಿ ಚೀಲದ ಕತೆ ಹೇಳಿದೆ. "ಭಾಬಿಗೆ ಹೇಳು, ದಾಳಿಂಬೆ ಚೀಲ ಇಲ್ಲೇ ಐತೆ, ಬಂದು ತಗಂಡು ಹೋಗ್ಲಿ," ಎಂದ. ಅಂಥ ಸ್ನೇಹಿತನನ್ನು ಕೊಟ್ಟ ದೇವರಿಗೂ ಒಂದು ನಮಸ್ಕಾರ.

ಹೊಳಲ್ಕೆರೆಯಿಂದ ಚಿತ್ರದುರ್ಗಕ್ಕೆ ಮೂವತ್ತು ಚಿಲ್ಲರೆ ಕಿಲೋಮೀಟರು. ಹೊತ್ತು ಇಳಿದು ಗುಡ್ಡದ ಕಡೆಯಿಂದ ತಂಪು ಗಾಳಿ ಬೀಸುತ್ತಿತ್ತು. ತಿರುವಿಗೊಮ್ಮೆ ಹಿಂದೆ ಕಾಯಿಗಳು ಲೊಟಲೊಟ ಎಂದವು. ಊರು ಬಂತು, ಬೆಳಗಿನ ಬಂಕು ಬಂತು. ಬಂಕಿನವನು ನನ್ನ ಗುರುತು ಹಿಡಿದು ಕೈ ಎತ್ತಿದ. ನಾನೂ ಕೈ ಎತ್ತಿ, ನಿಲ್ಲಿಸದೆ ಮುಂದೆ ಹೋದೆ.

"ರೀ, ಬಂಕು ಹಿಂದೆ ಉಳೀತು," ಎಂದಳು ಮಂಗಳಾ. ಸೀಟಿನಲ್ಲೇ ಅರ್ಧ ತಿರುಗಿ, ಅದು ಮರೆಯಾಗುವವರೆಗೆ ಹಿಂದಿನ ಗಾಜಿನಲ್ಲಿ ನೋಡಿದಳು.

"ಉಳೀಲಿ ಬಿಡು."

ಅವಳು ಮುಂದೆ ತಿರುಗಿ ಸರಿಯಾಗಿ ಕೂತಳು. ಮಡಿಲಕ್ಕಿಯನ್ನು ಒಂದು ಕೈಗೆ ಬದಲಾಯಿಸಿ, ಇನ್ನೊಂದು ಕೈಯಲ್ಲಿ ತನ್ನ ಕಡೆಯ ಗಾಜನ್ನು ಪೂರಾ ಏರಿಸಿದಳು.

"ಈಗ ಏಸಿ ಹಾಕ್ರಿ," ಎಂದಳು.